ಮರ್ಕೇಟರನ ಭೂಪಟವೂ ದೇಶಗಳ ಹಿರಿಮೆಯೂ

ಪ್ರಪಂಚದ ಭೂಪಟವೊಂದನ್ನು ಎದುರಿಗಿಟ್ಟು, ಅದರ ನೆತ್ತಿಯಲ್ಲಿರುವ ಗ್ರೀನ್‌ಲ್ಯಾಂಡ್ ದ್ವೀಪವನ್ನೂ ನಡುವಿನಲ್ಲಿರುವ ಆಫ್ರಿಕಾ ಖಂಡವನ್ನೂ ತೋರಿಸಿ, ಇವೆರಡರಲ್ಲಿ ಯಾವುದು ದೊಡ್ಡದೆಂದು ಪಾಠಶಾಲೆಯ ಬಾಲಕನನ್ನು ಕೇಳಿದರೆ, ಆತನು ಉತ್ತರ ಹೇಳುವ ಮುನ್ನ ಕ್ಷಣಕಾಲ ಅನುಮಾನಿಸುವುದು ಸಹಜವೇ ಸರಿ. ಏಕೆಂದರೆ ತಲೆಮಾರುಗಳಿಂದ ತರಗತಿಗಳ ಗೋಡೆಗಳನ್ನೂ ಕಚೇರಿಗಳ ಗೋಡೆಗಳನ್ನೂ ಅಲಂಕರಿಸುತ್ತ ಬಂದ ಪ್ರಸಿದ್ಧ ಭೂಪಟದಲ್ಲಿ ಅವೆರಡೂ ಸರಿಸುಮಾರಾಗಿ ಒಂದೇ ಗಾತ್ರದವಾಗಿ ತೋರುತ್ತವೆ. ವಾಸ್ತವದಲ್ಲಿ ಗ್ರೀನ್‌ಲ್ಯಾಂಡಿನ ವಿಸ್ತೀರ್ಣ 21.66 ಲಕ್ಷ ಚದರ ಕಿಲೋಮೀಟರು, ಆಫ್ರಿಕಾದ್ದು ಮೂರು ಕೋಟಿಗೂ ಮಿಕ್ಕಿದ್ದು. ಹದಿನಾಲ್ಕು ಗ್ರೀನ್‌ಲ್ಯಾಂಡುಗಳನ್ನು ಒಟ್ಟುಗೂಡಿಸಿದರೆ ಒಂದು ಆಫ್ರಿಕಾ ಆದೀತು. ಅಲಾಸ್ಕವು ಬ್ರೆಜಿಲ್ ದೇಶಕ್ಕೆ ಸರಿಜೋಡಿಯಾಗಿ ನಿಂತಂತೆ ಅದೇ ಪಟದಲ್ಲಿ ಕಂಡರೂ ಬ್ರೆಜಿಲ್ ಅದರ ಐದು ಮಡಿ ದೊಡ್ಡದು. ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್ ಮೂರೂ ಕೂಡಿದರೂ ಸುಮಾರು 11 ಲಕ್ಷ ಚದರ ಕಿಲೋಮೀಟರನ್ನು ಹೆಚ್ಚಾಗಿ ದಾಟವು, 32.87 ಲಕ್ಷ ಚದರ ಕಿಲೋಮೀಟರಿನ ಭಾರತವು ಆ ಪಟದಲ್ಲಿ ಅವುಗಳ ಮುಂದೆ ಚಿಕ್ಕದಾಗಿ ಕಾಣುತ್ತದೆ.

ನಮ್ಮ ನಾಡಿನ ಮಾತನ್ನೇ ಎತ್ತಿಕೊಳ್ಳಬಹುದು. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರು. ಐರ್ಲೆಂಡನ್ನು ಬಿಟ್ಟು, ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರನ್ನೂ ಹೊತ್ತಿರುವ ಬ್ರಿಟನ್ ದ್ವೀಪದ ವಿಸ್ತೀರ್ಣ 2,09,000ಕ್ಕೆ ಸ್ವಲ್ಪ ಮೇಲೆ. ಒಂದು ಕಾಲದಲ್ಲಿ ಭೂಮಂಡಲದ ಕಾಲು ಭಾಗವನ್ನಾಳಿದ ಆ ದ್ವೀಪವು ನಮ್ಮ ರಾಜ್ಯಕ್ಕಿಂತ ಹತ್ತರಲ್ಲೊಂದು ಪಾಲಿನಷ್ಟು ಕೂಡ ದೊಡ್ಡದಲ್ಲವೆಂದು ಹೇಳಿದರೆ ನಂಬುವವರು ಕಡಮೆ. ಏಕೆಂದರೆ ಗೋಡೆಯ ಭೂಪಟದಲ್ಲಿ ಅದರ ಒಡಲಿನೊಳಗೆ ಹೆಚ್ಚುಕಡಮೆ ಮೂರು ಕರ್ನಾಟಕಗಳು ಹಿಡಿಯುವಂತಿವೆ. ಕಣ್ಣಾರೆ ಕಂಡದ್ದನ್ನು ಅಂಕೆಸಂಖ್ಯೆಗಳಿಗೋಸ್ಕರ ಯಾರು ತಾನೆ ಬಿಟ್ಟುಕೊಡುವರು?

ಈ ಹಿಗ್ಗುಕುಗ್ಗುಗಳನ್ನು ಮೋಸವೆಂದು ಕರೆದವರುಂಟು. ಯುರೋಪಿನ ದರ್ಪವು ರೇಖೆಗಳ ರೂಪ ತಾಳಿ ಬಂದಿದೆಯೆಂದು ರೋಷಗೊಂಡವರೂ ಉಂಟು. ಆ ಭೂಪಟವು ಹುಟ್ಟಿದ ಬಗೆಯನ್ನೂ ಅದು ಕಡಲಿನಿಂದ ಮೆಟ್ಟಲೇರಿ ತರಗತಿಯ ಗೋಡೆಗೆ ಬಂದ ಬಗೆಯನ್ನೂ ಬೇರೆ ಬೇರೆಯಾಗಿ ವಿಚಾರಿಸದೆ ಇಂಥ ತೀರ್ಪನ್ನು ಕೊಡುವುದು ಯುಕ್ತವಲ್ಲವೆಂದು ನನ್ನ ಎಣಿಕೆ. ಅದನ್ನು ರಚಿಸಿದವನ ದೋಷ ಅತ್ಯಲ್ಪ; ಅದನ್ನು ಬಳಸಿದವರ ದೋಷ ಅಷ್ಟು ಅಲ್ಪವಲ್ಲ.

ಗೋಳದ ಮೇಲ್ಮೈಯನ್ನು ಚಪ್ಪಟೆಯಾದ ಹಾಳೆಯ ಮೇಲೆ ಇಳಿಸುವ ಕ್ರಮಕ್ಕೆ ಪ್ರಕ್ಷೇಪವೆಂದು ಹೆಸರು. ದೇವನಹಳ್ಳಿಯ ಚಕ್ಕೋತವೊಂದರ ದಪ್ಪ ಸಿಪ್ಪೆಯನ್ನು ಹರಿಯದಂತೆ ಬಟ್ಟಲಾಗಿ ಬಿಡಿಸಿ, ಮಣೆಯ ಮೇಲೆ ಬೋರಲು ಹಾಕಿ ಅಂಗೈಯಿಂದ ಒತ್ತಿದರೆ ಅಂಚು ಸೀಳದೆ ಬಿಡದು. ಸೀಳಬಾರದೆಂದರೆ ಅಂಚನ್ನು ಎಳೆದು ಹಿಗ್ಗಿಸಬೇಕು. ಇವೆರಡನ್ನೂ ಬಿಟ್ಟು ಮೂರನೆಯ ಉಪಾಯವಿಲ್ಲವೆಂಬುದನ್ನು ಭೂಪಟಕಾರರು ಶತಮಾನಗಳಿಂದ ಅನುಭವದಲ್ಲಿ ಬಲ್ಲವರಾಗಿದ್ದರೂ, ಮೇಲ್ಮೈಗಳ ವಕ್ರತೆಯನ್ನು ಕುರಿತ ತನ್ನ ಹೆಸರಾಂತ ಪ್ರಮೇಯದಿಂದ ಅದನ್ನು ಸಂಶಯಕ್ಕೆಡೆಯಿಲ್ಲದಂತೆ ಸ್ಥಾಪಿಸಿದವನು ಜರ್ಮನಿಯ ಗಣಿತಜ್ಞ ಗೌಸ್, 1827ರಲ್ಲಿ. ಆಕಾರ, ವಿಸ್ತೀರ್ಣ, ದೂರ, ದಿಕ್ಕು ಇವೆಲ್ಲವನ್ನೂ ಒಂದೇ ಹಾಳೆಯ ಮೇಲೆ ಸತ್ಯವಾಗಿ ಉಳಿಸಿಕೊಳ್ಳಲು ಯಾವ ಜಾಣನಿಗೂ ಸಾಧ್ಯವಿಲ್ಲ. ಆದುದರಿಂದ ಭೂಪಟ ಬರೆಯಹೊರಟವನು ಮೊದಲು ತೀರ್ಮಾನಿಸಬೇಕಾದದ್ದು, ಯಾವುದನ್ನು ಉಳಿಸಿಕೊಳ್ಳುವುದು, ಯಾವುದನ್ನು ಬಲಿಗೊಡುವುದು ಎಂಬುದನ್ನೇ.

ಪ್ರಾಚೀನರು ಈ ಇಕ್ಕಟ್ಟನ್ನು ಅರಿಯದವರಲ್ಲ. ಟೈರ್ ಪಟ್ಟಣದ ಮರೀನಸ್ ಎಂಬಾತನು ಕ್ರಿ.ಶ. 100ರ ಸುಮಾರಿನಲ್ಲಿ ಅಕ್ಷಾಂಶ ರೇಖಾಂಶಗಳನ್ನು ಚೌಕುಳಿಯಾಗಿ, ನೇರವಾದ ಗೀಟುಗಳಿಂದ ಬರೆದನು; ಅವನ ಬಳಿಕ ಅಲೆಕ್ಸಾಂಡ್ರಿಯದಲ್ಲಿದ್ದ ಟಾಲೆಮಿಯು ಆ ಕ್ರಮದ ಕುಂದನ್ನು ಎತ್ತಿ ತೋರಿಸಿ, ಅಕ್ಷಾಂಶಗಳನ್ನು ಬಾಗಿಸಿ ಬರೆಯುವ ಎರಡು ವಿಧಾನಗಳನ್ನು ತನ್ನ ಭೂಗೋಳ ಗ್ರಂಥದಲ್ಲಿ ವಿವರಿಸಿದನು. ನಮ್ಮ ದೇಶದ ಜ್ಯೋತಿಷಿಗಳು ಪ್ರಕ್ಷೇಪಶಾಸ್ತ್ರವನ್ನು ಬೆಳೆಸಲಿಲ್ಲವಾದರೂ, ಭೂಮಿ ಗೋಳವಾಗಿರುವಾಗ ಅದು ಕಣ್ಣಿಗೆ ಸಪಾಟಾಗಿ ತೋರುವುದೇಕೆಂಬ ಪ್ರಶ್ನೆಯನ್ನು ಅವರು ಕೈಬಿಟ್ಟವರಲ್ಲ. 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯನು, ಪರಿಧಿಯ ನೂರನೆಯ ಒಂದು ಪಾಲು ಸಮವಾಗಿಯೇ ಕಾಣುವುದೆಂದೂ, ಅಷ್ಟು ದೊಡ್ಡ ಗೋಳದ ಮೇಲೆ ನಿಂತ ಅಷ್ಟು ಚಿಕ್ಕ ಮನುಷ್ಯನ ದೃಷ್ಟಿಗೆ ನೆಲವು ಚಪ್ಪಟೆಯೆನಿಸುವುದೆಂದೂ ಸಮಾಧಾನ ಹೇಳಿದನು. ಲೀಲಾವತಿಯಲ್ಲಿ ಚೆಂಡಿನ ಸುತ್ತ ಹೆಣೆದ ಬಲೆಗೆ ಗೋಳದ ಮೇಲ್ಮೈಯನ್ನು ಹೋಲಿಸಿ, ಅದರ ವಿಸ್ತೀರ್ಣವು ಗೋಳದ ನಡುವಿನ ವೃತ್ತದ ವಿಸ್ತೀರ್ಣಕ್ಕೆ ನಾಲ್ಕು ಮಡಿಯೆಂಬುದನ್ನು ತಿಳಿಸಿದನು. ಆ ಬಲೆಯನ್ನು ಬಿಚ್ಚಿ ನೆಲದ ಮೇಲೆ ಹಾಸುವ ಅಗತ್ಯ ಅವನಿಗೆ ಬೀಳಲಿಲ್ಲ. ಅಗತ್ಯ ಬಿದ್ದದ್ದು ಅಟ್ಲಾಂಟಿಕ್ ಸಾಗರದಲ್ಲಿ ದಡ ಕಾಣದೆ ತಿಂಗಳುಗಟ್ಟಲೆ ತೇಲುತ್ತಿದ್ದ ಪೋರ್ಚುಗಲ್, ಸ್ಪೇನ್ ದೇಶಗಳ ನಾವಿಕರಿಗೆ.

ನಾವಿಕನ ಕಷ್ಟವೇನೆಂಬುದನ್ನು ತುಸು ವಿವರವಾಗಿ ಹೇಳಬೇಕು. ಅವನ ಕೈಯಲ್ಲಿದ್ದ ನಂಬಿಕೆಯ ಉಪಕರಣವೆಂದರೆ ದಿಕ್ಸೂಚಿಯೊಂದೇ. ಹೊರಡುವ ಬಂದರಿನಿಂದ ಸೇರುವ ಬಂದರು ಯಾವ ದಿಕ್ಕಿಗಿದೆಯೆಂದು ನೋಡಿ, ಸೂಜಿಯೊಡನೆ ಅದೇ ಕೋನವನ್ನು ತಪ್ಪದೆ ಕಾಪಾಡಿಕೊಂಡು ಚುಕ್ಕಾಣಿ ಹಿಡಿಯುವುದು ಅವನಿಗೆ ಸುಲಭ. ಹೀಗೆ ಒಂದೇ ಕೋನದಲ್ಲಿ ಓಡುವ ಹಡಗು ತಾನು ದಾಟುವ ಪ್ರತಿಯೊಂದು ರೇಖಾಂಶವನ್ನೂ ಅದೇ ಓರೆಯಲ್ಲಿ ಕತ್ತರಿಸುತ್ತ ಹೋಗುತ್ತದೆ. ಆದರೆ ರೇಖಾಂಶಗಳು ಧ್ರುವದ ಕಡೆಗೆ ಒಂದನ್ನೊಂದು ಸಮೀಪಿಸುವುದರಿಂದ, ನೇರವಾಗಿ ಸಾಗುತ್ತಿದ್ದೇನೆಂದು ನಾವಿಕನು ಭಾವಿಸಿದರೂ ಅವನ ಹಾದಿ ಗೋಳದ ಮೇಲೆ ಸುರುಳಿಸುರುಳಿಯಾಗಿ ಧ್ರುವವನ್ನು ಸುತ್ತುವರಿಯತೊಡಗುತ್ತದೆ. ಈ ಸಂಗತಿಯನ್ನು 1537ರಲ್ಲಿ ಪ್ರಕಟಿಸಿದ ಪೋರ್ಚುಗಲ್ಲಿನ ಪೇದ್ರೊ ನುನೆಶ್ ಎಂಬ ಗಣಿತಜ್ಞನು, ದಿಕ್ಸೂಚಿಯ ಹಾದಿ ಬೇರೆ, ಎರಡು ಸ್ಥಳಗಳ ನಡುವಿನ ಅತಿ ಸಮೀಪದ ಹಾದಿ ಬೇರೆ ಎಂಬುದನ್ನು ಸ್ಪಷ್ಟಪಡಿಸಿದನು. ಹಳೆಯ ಚೌಕುಳಿ ಪಟದ ಮೇಲೆ ಈ ಸುರುಳಿಯು ವಕ್ರವಾಗಿಯೇ ಬೀಳುತ್ತಿತ್ತು. ನಾವಿಕನು ಅಳತೆಪಟ್ಟಿಯನ್ನಿಟ್ಟು ಎಳೆದ ಗೀಟಿಗೂ ಹಡಗು ನಿಜವಾಗಿ ಹಿಡಿಯುವ ದಾರಿಗೂ ಹೊಂದಿಕೆಯಿರಲಿಲ್ಲ. ದೀರ್ಘಯಾನಗಳಲ್ಲಿ ಇದರಿಂದ ಪ್ರಾಣಹಾನಿಯಾಗುತ್ತಿತ್ತು.

ಈ ತೊಡಕನ್ನು ಬಿಡಿಸಿದ ಗೆರಾರ್ಡಸ್ ಮರ್ಕೇಟರನು ಸಮುದ್ರಯಾನದ ಅನುಭವವಿದ್ದವನಲ್ಲವೆಂಬುದು ಚರಿತ್ರೆಯ ವಿನೋದಗಳಲ್ಲೊಂದು. 1512ರಲ್ಲಿ ಫ್ಲಾಂಡರ್ಸಿನ ರುಪೆಲ್ಮೊಂಡೆ ಎಂಬ ಊರಿನಲ್ಲಿ ಚಮ್ಮಾರನೊಬ್ಬನ ಮಗನಾಗಿ ಹುಟ್ಟಿ, ಲೂವೆನ್ ವಿಶ್ವವಿದ್ಯಾಲಯದಲ್ಲಿ ಓದಿ, ಗೆಮ್ಮಾ ಫ್ರಿಸಿಯಸ್ ಎಂಬ ವಿದ್ವಾಂಸನ ಬಳಿ ಗಣಿತವನ್ನೂ ಉಪಕರಣರಚನೆಯನ್ನೂ ಕಲಿತು, ತಾಮ್ರದ ತಗಡಿನ ಮೇಲೆ ಅಕ್ಷರ ಕೊರೆಯುವುದರಲ್ಲಿ ಅಸಾಧಾರಣವಾದ ಕೈಚಳಕ ಪಡೆದ ಈತನು, 1541ರಲ್ಲಿ ತಯಾರಿಸಿದ ಗೋಳದ ಮೇಲೆ ದಿಕ್ಸೂಚಿಯ ಸುರುಳಿಗಳನ್ನು ಆಗಲೇ ಗುರುತಿಸಿದ್ದನು. 1544ರಲ್ಲಿ ಧರ್ಮಭ್ರಷ್ಟನೆಂಬ ಅಪವಾದದ ಮೇಲೆ ಹುಟ್ಟೂರಿನ ಕೋಟೆಯಲ್ಲೇ ಏಳು ತಿಂಗಳ ಕಾಲ ಸೆರೆಯಲ್ಲಿದ್ದು, ಹೇಗೋ ಪಾರಾಗಿ, 1552ರಲ್ಲಿ ಜರ್ಮನಿಯ ಡ್ಯೂಸ್‌ಬರ್ಗ್ ನಗರಕ್ಕೆ ವಲಸೆ ಹೋಗಿ ಅಲ್ಲಿಯೇ ನೆಲಸಿದನು. ಅಲ್ಲಿಂದ 1569ರಲ್ಲಿ ಹೊರಟದ್ದು ಹದಿನೆಂಟು ಹಾಳೆಗಳ ಮಹಾಪಟ. ಜೋಡಿಸಿದರೆ ಎರಡು ಮೀಟರಿಗೂ ಮಿಕ್ಕ ಅಗಲ, ಒಂದೂಕಾಲು ಮೀಟರಿಗೆ ಸಮೀಪದ ಎತ್ತರ. ನಾವಿಕರ ಉಪಯೋಗಕ್ಕಾಗಿ ಸರಿಹೊಂದಿಸಿದ್ದೆಂಬುದನ್ನು ಅದರ ಉದ್ದವಾದ ಲ್ಯಾಟಿನ್ ತಲೆಬರಹವೇ ಸಾರುತ್ತಿತ್ತು.

ಅವನ ಯುಕ್ತಿ ಇಷ್ಟೆ. ಗೋಳದ ಮೇಲೆ ಧ್ರುವದಲ್ಲಿ ಕೂಡುವ ರೇಖಾಂಶಗಳನ್ನು ಹಾಳೆಯ ಮೇಲೆ ಕೂಡಗೊಡದೆ, ಸಮಾಂತರವಾದ ನೆಟ್ಟನೆಯ ಗೀಟುಗಳಾಗಿ ನಿಲ್ಲಿಸಬೇಕು. ಹೀಗೆ ಮಾಡಿದೊಡನೆ ಸಮಭಾಜಕವೃತ್ತದಿಂದ ದೂರ ಸರಿದಂತೆಲ್ಲ ನೆಲವು ಪೂರ್ವಪಶ್ಚಿಮವಾಗಿ ಹಿಗ್ಗುತ್ತದೆ. ಸಮಭಾಜಕವೃತ್ತದ ಸುತ್ತಳತೆ ಸುಮಾರು 40,000 ಕಿಲೋಮೀಟರು. 60ನೆಯ ಅಕ್ಷಾಂಶದ ಸುತ್ತಳತೆ ಅದರ ಅರ್ಧ, 20,000. ಪಟದಲ್ಲಿ ಎರಡಕ್ಕೂ ಒಂದೇ ಉದ್ದವಾದ್ದರಿಂದ ಎರಡನೆಯದು ಇಮ್ಮಡಿಯಾಗಿ ಎಳೆಯಲ್ಪಟ್ಟಿತು. ಅಷ್ಟಕ್ಕೇ ಬಿಟ್ಟರೆ ಕೋನಗಳು ಕೆಡುತ್ತವೆ, ಕೋನ ಕೆಟ್ಟರೆ ನಾವಿಕನು ಕೆಟ್ಟ. ಆದುದರಿಂದ ಅಲ್ಲಿ ಉತ್ತರದಕ್ಷಿಣವಾಗಿಯೂ ಇಮ್ಮಡಿ ಎಳೆಯಬೇಕು. ಎರಡೂ ಕಡೆ ಇಮ್ಮಡಿಯಾದ ಮೇಲೆ ವಿಸ್ತೀರ್ಣವು ನಾಲ್ಮಡಿಯಾಗದೆ ಇರುವುದೆಂತು? 70ನೆಯ ಅಕ್ಷಾಂಶದಲ್ಲಿ ಅದು ಎಂಟೂವರೆ ಮಡಿ, 80ರಲ್ಲಿ ಮೂವತ್ತಮೂರು ಮಡಿ. ಧ್ರುವವಂತೂ ಅನಂತದೂರಕ್ಕೆ ಸರಿದು ಹಾಳೆಯಿಂದಲೇ ಹೊರಬೀಳುತ್ತದೆ. ಬೆಂಗಳೂರು ಇರುವ 13ನೆಯ ಅಕ್ಷಾಂಶದಲ್ಲಿಯಾದರೋ ವಿಸ್ತೀರ್ಣದ ಹೆಚ್ಚಳ ನೂರಕ್ಕೆ ಐದರಷ್ಟು ಮಾತ್ರ. ಗ್ರೀನ್‌ಲ್ಯಾಂಡಿನ ಠೀವಿಗೂ ನಮ್ಮ ನಾಡಿನ ಸಂಕೋಚಕ್ಕೂ ಇದೊಂದೇ ಕಾರಣ. ಯಾರ ಮೇಲಣ ಪ್ರೀತಿಯೂ ಅಲ್ಲ, ದ್ವೇಷವೂ ಅಲ್ಲ. ಇಷ್ಟು ಬೆಲೆ ತೆತ್ತು ಮರ್ಕೇಟರನು ಕೊಂಡದ್ದು ಒಂದೇ ಒಂದು ಗುಣವನ್ನು: ಅವನ ಪಟದ ಮೇಲೆ ಎಲ್ಲಿ ಬೇಕಾದರೂ ಎರಡು ಬಂದರುಗಳ ನಡುವೆ ನೇರವಾದ ಗೀಟೆಳೆದರೆ, ಆ ಗೀಟಿನ ಓರೆಯೇ ದಿಕ್ಸೂಚಿಯ ಓರೆ.

ತನ್ನ ಪಟದಲ್ಲಿ ಧ್ರುವಕ್ಕೆ ಜಾಗವಿಲ್ಲವೆಂಬುದನ್ನು ಬಲ್ಲ ಅವನು ಕೆಳಗಿನ ಎಡಮೂಲೆಯಲ್ಲಿ ಉತ್ತರಧ್ರುವದ ಸಣ್ಣ ಚಿತ್ರವೊಂದನ್ನು ಬೇರೆಯಾಗಿ ಬರೆದು, ನಡುವೆ ಒಂದು ಕರಿಯ ಬಂಡೆಯನ್ನೂ ಅದರ ಸುತ್ತ ನಾಲ್ಕು ದ್ವೀಪಗಳನ್ನು ಸೀಳಿಕೊಂಡು ಒಳನುಗ್ಗುವ ನಾಲ್ಕು ಪ್ರವಾಹಗಳನ್ನೂ ತೋರಿಸಿದನು. ಕೋನಗಳಲ್ಲಿ ಅಷ್ಟು ನಿಷ್ಠುರನಾದವನು ಕಥೆಗಳಲ್ಲಿ ಇಷ್ಟು ಸುಲಭವಾಗಿ ನಂಬಿಕೆಯಿಟ್ಟನೆ ಎಂದು ನಗುವಂತಿಲ್ಲ. ಆ ಕಾಲಕ್ಕೆ ಅಲ್ಲಿಗೆ ಹೋಗಿ ಬಂದವರಾರು? ನಮಗೆ ಇನ್ನೂ ಹೆಚ್ಚಿನ ಕುತೂಹಲವನ್ನುಂಟುಮಾಡುವುದು ಅದೇ ಪಟದಲ್ಲಿ ಗಂಗಾನದಿಯನ್ನು ಕುರಿತು ಅವನು ಬರೆದ ಟಿಪ್ಪಣಿ. ಪ್ರಾಚೀನರು ಹೇಳಿದ ಗಂಗೆಯು ಚೀನಾದ ಕ್ಯಾಂಟನ್ ಬಳಿ ಸಮುದ್ರ ಸೇರುವ ನದಿಯೇ ಎಂದು ಅವನು ವಾದಿಸಿದನು. ಒಂದು ದೇಶದ ಗಾತ್ರ ಹಿಗ್ಗಿತೆಂಬ ದೂರನ್ನೆಲ್ಲ ಅವನ ತಲೆಗೆ ಕಟ್ಟುವ ನಾವು ಗಂಗೆಯನ್ನೇ ಸ್ಥಳಾಂತರ ಮಾಡಿದ ಈ ಅಪರಾಧವನ್ನು ಮರೆತಿರುವುದು ಸೋಜಿಗ.

ಮರ್ಕೇಟರನು ಅಕ್ಷಾಂಶಗಳ ನಡುವಣ ಅಂತರವನ್ನು ಹೇಗೆ ಹೆಚ್ಚಿಸಿದನೆಂಬ ಗಣಿತವನ್ನು ಬಿಡಿಸಿ ಹೇಳಲಿಲ್ಲ. ಆ ಕೆಲಸ ಇಂಗ್ಲೆಂಡಿನ ಎಡ್ವರ್ಡ್ ರೈಟನ ಪಾಲಿಗೆ ಬಂದಿತು. ಕೇಂಬ್ರಿಜ್ಜಿನ ವಿದ್ವಾಂಸನಾದರೂ 1589ರಲ್ಲಿ ಅಜೋರ್ಸ್ ದ್ವೀಪಗಳ ಕಡೆಗೆ ಹೋದ ಹಡಗುಪಡೆಯಲ್ಲಿ ತಾನೇ ಪಯಣಮಾಡಿ ಚಾರ್ಟುಗಳ ದೋಷವನ್ನು ಕಣ್ಣಾರೆ ಕಂಡ ಈತನು, ಒಂದೊಂದು ಅಲ್ಪ ಅಂತರಕ್ಕೂ ತಗಲುವ ಹಿಗ್ಗನ್ನು ಲೆಕ್ಕಹಾಕಿ, ಒಂದರ ಮೇಲೊಂದು ಕೂಡುತ್ತ ಕೂಡುತ್ತ ಸಿದ್ಧಪಡಿಸಿದ ಕೋಷ್ಟಕವನ್ನು 1599ರ ತನ್ನ ಗ್ರಂಥದಲ್ಲಿ ಅಚ್ಚುಹಾಕಿಸಿದನು. ಅದಕ್ಕೆ ಮೊದಲೇ ಹಸ್ತಪ್ರತಿಯನ್ನು ಓದಲು ಪಡೆದಿದ್ದ ಯೊಡೋಕಸ್ ಹೋಂಡಿಯಸ್ ಎಂಬ ಡಚ್ ಭೂಪಟಕಾರನು, ಕೊಟ್ಟ ಮಾತನ್ನು ಮುರಿದು ಆ ವಿಧಾನವನ್ನು ತನ್ನ ಪಟಗಳಿಗೆ ಬಳಸಿಕೊಂಡುಬಿಟ್ಟನೆಂದು ರೈಟನು ಮುನ್ನುಡಿಯಲ್ಲಿ ಕಟುವಾಗಿ ದೂರಿದ್ದಾನೆ. ಕೃತಿಚೌರ್ಯ ನಮ್ಮ ಕಾಲದ ಸೃಷ್ಟಿಯಲ್ಲ. 1645ರ ಸುಮಾರಿನಲ್ಲಿ ಹೆನ್ರಿ ಬಾಂಡ್ ಎಂಬ ಉಪಾಧ್ಯಾಯನು ರೈಟನ ಕೋಷ್ಟಕವನ್ನು ಲಾಗರಿತಮ್ ಕೋಷ್ಟಕದೊಂದಿಗೆ ಇಟ್ಟು ನೋಡುವಾಗ ಎರಡರ ಅಂಕಿಗಳೂ ಹೊಂದುವುದನ್ನು ಗಮನಿಸಿದನು. ಕಾರಣ ಅವನಿಗೂ ಹೊಳೆಯಲಿಲ್ಲ, ಬೇರೆಯವರಿಗೂ ಕೂಡಲೇ ಹೊಳೆಯಲಿಲ್ಲ. 1668ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಗ್ರೆಗರಿಯು ಅದನ್ನು ಸಾಧಿಸಿ ತೋರಿಸಿದನು. ಕಲನಶಾಸ್ತ್ರದ ಹುಟ್ಟಿಗೆ ಪೂರ್ವಭಾವಿಯಾದ ಶೋಧಗಳಲ್ಲಿ ಒಂದು ಹೀಗೆ ಕಡಲ ಚಾರ್ಟಿನಿಂದ ಮೇಲೆದ್ದಿತು.

ಇಷ್ಟಾದರೂ ನಾವಿಕರು ಈ ಪಟವನ್ನು ಕೂಡಲೇ ಅಪ್ಪಿಕೊಳ್ಳಲಿಲ್ಲ. ಸಮುದ್ರಮಧ್ಯದಲ್ಲಿ ತಾನಿರುವ ರೇಖಾಂಶ ತಿಳಿಯದವನಿಗೆ ಎಷ್ಟು ಒಳ್ಳೆಯ ಪಟವಿದ್ದರೇನು? ಜಾನ್ ಹ್ಯಾರಿಸನ್ನನ ಕಡಲ ಗಡಿಯಾರವು 1761ರ ಯಾನದಲ್ಲಿ ಪರೀಕ್ಷೆಗೊಳಗಾದ ತರುವಾಯ ಆ ಕೊರತೆ ಕ್ರಮೇಣ ನೀಗಿ, ಹದಿನೆಂಟನೆಯ ಶತಮಾನದ ಕೊನೆಗೆ ಮರ್ಕೇಟರನ ಕ್ರಮವು ಸಾಗರಗಳಲ್ಲೆಲ್ಲ ರೂಢಿಗೆ ಬಂದಿತು. ಅಲ್ಲಿಯವರೆಗೆ ಅದರ ಮೇಲೆ ಯಾವ ಆಕ್ಷೇಪಣೆಗೂ ಕಾರಣವಿಲ್ಲ.

ಆಕ್ಷೇಪಣೆಗೆ ಕಾರಣ ಒದಗಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಅದು ಹಡಗಿನ ಕೋಣೆಯಿಂದ ಹೊರಬಂದು ತರಗತಿಯ ಗೋಡೆಯನ್ನೇರಿದಾಗ. ಚೌಕಟ್ಟಿಗೆ ಅಚ್ಚುಕಟ್ಟಾಗಿ ಹಿಡಿಯುವ ಆಯತಾಕಾರ, ಊರುಕೇರಿಗಳವರೆಗೂ ಕೆಡದ ಆಕಾರ, ಮುದ್ರಕರ ಬಳಿ ಸಿದ್ಧವಾಗಿದ್ದ ಅಚ್ಚುಗಳು, ಇವೆಲ್ಲ ಅದಕ್ಕೆ ಅನುಕೂಲಿಸಿದವು. ಅಂಟಾರ್ಕ್ಟಿಕದ ಕಡೆ ಯಾರಿಗೂ ಕೆಲಸವಿಲ್ಲವೆಂದು ಮುದ್ರಕರು ಕೆಳಗಿನ ಪಟ್ಟಿಯನ್ನು ಕತ್ತರಿಸಿಬಿಡುತ್ತಿದ್ದುದರಿಂದ ಸಮಭಾಜಕವೃತ್ತವು ಪಟದ ನಡುವಿನಿಂದ ಬಹಳ ಕೆಳಗಿಳಿದು, ಯುರೋಪು ಪೀಠಾರೋಹಣ ಮಾಡಿದಂತೆ ಮಧ್ಯಕ್ಕೆ ಬಂದು ಕುಳಿತಿತು. ಇದು ಗಣಿತದ ಫಲವಲ್ಲ, ಕತ್ತರಿಯ ಫಲ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಕೂಡಿದ ಸಮ್ಮೇಳನವು ಗ್ರೀನಿಚ್ಚನ್ನು ಮೂಲರೇಖಾಂಶವೆಂದು ಒಪ್ಪಿದ್ದರಿಂದ ಲಂಡನ್ನು ಅಡ್ಡಲಾಗಿಯೂ ನಡುವಿಗೆ ಬಂದಿತು. 1886ರಲ್ಲಿ ದಿ ಗ್ರಾಫಿಕ್ ಪತ್ರಿಕೆಯ ಪುರವಣಿಯಾಗಿ ಹೊರಬಂದ, ವಾಲ್ಟರ್ ಕ್ರೇನನ ಚಿತ್ರಗಳಿಂದ ಸಿಂಗಾರಗೊಂಡ ಸಾಮ್ರಾಜ್ಯದ ಭೂಪಟವು ಇದೇ ಪ್ರಕ್ಷೇಪದ್ದು.

ಇನ್ನೂ ಚಿಕ್ಕದಾದ, ಆದರೆ ಇನ್ನೂ ಸ್ಪಷ್ಟವಾದ ಸಾಕ್ಷಿಯೊಂದಿದೆ: 1898ರ ಡಿಸೆಂಬರಿನಲ್ಲಿ ಕೆನಡಾ ಹೊರಡಿಸಿದ ಎರಡು ಸೆಂಟಿನ ಅಂಚೆಚೀಟಿ. ಹೆಬ್ಬೆರಳಿನ ಅಗಲದ ಆ ಕಾಗದದ ಚೂರಿನ ಮೇಲೆ ಇಡೀ ಪ್ರಪಂಚವು ಮರ್ಕೇಟರನ ಕ್ರಮದಲ್ಲಿ ಅಚ್ಚಾಗಿದೆ; ಬ್ರಿಟಿಷರ ಒಡೆತನದ ನಾಡುಗಳಿಗೆಲ್ಲ ಕೆಂಪು ಬಣ್ಣ; ಮೇಲೆ ಕಿರೀಟ, ಕೆಳಗೆ ಇದಕ್ಕಿಂತ ವಿಶಾಲವಾದ ಚಕ್ರಾಧಿಪತ್ಯ ಹಿಂದೆಂದೂ ಇರಲಿಲ್ಲವೆಂಬ ಅರ್ಥದ ಬಿರುದು. ಚೀಟಿಯ ಮೇಲ್ಭಾಗವನ್ನೆಲ್ಲ ಕೆನಡಾ ಒಂದೇ ಕೆಂಪಾಗಿ ತುಂಬಿಕೊಂಡಿದ್ದರೆ, ಆ ಚಕ್ರಾಧಿಪತ್ಯದ ಬಹುಪಾಲು ಜನ ಬದುಕಿದ್ದ ಭಾರತವು ಬಲಗಡೆಯಲ್ಲಿ ಒಂದು ಚಿಕ್ಕ ತ್ರಿಕೋನ. ಸಾಮ್ರಾಜ್ಯದ ವೈಭವವನ್ನು ಮೆರೆಸಲು ಆರಿಸಿಕೊಂಡ ಪಟವೇ ಅದರ ಅತ್ಯಂತ ಬೆಲೆಬಾಳುವ ಆಸ್ತಿಯನ್ನು ಕುಗ್ಗಿಸಿಟ್ಟಿತು. ಆದುದರಿಂದ ಇದರಲ್ಲಿ ಆಳವಾದ ಸಂಚೊಂದಿತ್ತೆಂದು ವಾದಿಸುವವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಕೈಗೆ ಸಿಕ್ಕಿದ ಪಟವು ತಮಗೆ ಹಿತವಾಗಿ ಕಂಡದ್ದರಿಂದ ಪ್ರಶ್ನೆ ಕೇಳದೆ ಅದನ್ನೇ ಮುಂದುವರಿಸಿದರೆಂಬುದು ಸತ್ಯಕ್ಕೆ ಹೆಚ್ಚು ಸಮೀಪ. ಪ್ರಶ್ನೆ ಕೇಳದೆ ಇದ್ದದ್ದು ಸಣ್ಣ ತಪ್ಪೆಂದು ಇದರ ಅರ್ಥವಲ್ಲ.

ವಿಸ್ತೀರ್ಣವನ್ನು ಸತ್ಯವಾಗಿ ತೋರಿಸುವ ಪಟಗಳು ಆಗ ಇರಲಿಲ್ಲವೆಂದಲ್ಲ. ಗೋಳಕ್ಕೆ ಸರಿಯಾಗಿ ತೊಡಿಸಿದ ಉರುಳೆಯ ಪಕ್ಕದ ವಿಸ್ತೀರ್ಣವೂ ಗೋಳದ ಮೇಲ್ಮೈಯ ವಿಸ್ತೀರ್ಣವೂ ಒಂದೇ ಎಂಬುದನ್ನು ಕ್ರಿಸ್ತನಿಗಿಂತ ಸುಮಾರು ಎರಡುನೂರೈವತ್ತು ವರ್ಷ ಮೊದಲೇ ಆರ್ಕಿಮಿಡೀಸನು ಸಾಧಿಸಿದ್ದನು. ಆ ತತ್ತ್ವದ ಮೇಲೆ ಪ್ರಕ್ಷೇಪವೊಂದನ್ನು ಕಟ್ಟಿದವನು ಯೋಹಾನ್ ಹೈನ್ರಿಕ್ ಲ್ಯಾಂಬರ್ಟ್. ಮುಲ್‌ಹೌಸ್ ಪಟ್ಟಣದ ಬಡ ದರ್ಜಿಯ ಮಗನಾದ ಈತನು 1772ರ ಒಂದೇ ಗ್ರಂಥದಲ್ಲಿ ಹಲವಾರು ಹೊಸ ಪ್ರಕ್ಷೇಪಗಳನ್ನು ಲೋಕದ ಮುಂದಿಟ್ಟನು. ಮೇಲಕ್ಕೆ ಹೋದಂತೆ ಪೂರ್ವಪಶ್ಚಿಮವಾಗಿ ನೆಲ ಎಷ್ಟು ಹಿಗ್ಗುವುದೋ ಉತ್ತರದಕ್ಷಿಣವಾಗಿ ಅಷ್ಟೇ ಕುಗ್ಗಿಸಿದರೆ ವಿಸ್ತೀರ್ಣ ಉಳಿಯುತ್ತದೆ, ಆಕಾರ ಅಳಿಯುತ್ತದೆ. 1805ರಲ್ಲಿ ಮೋಲ್‌ವೈಡ್ ಎಂಬಾತನು ಇಡೀ ಭೂಮಿಯನ್ನು ಅಂಡಾಕೃತಿಯಲ್ಲಿ ತೋರಿಸುವ ಇನ್ನೊಂದು ಸಮಕ್ಷೇತ್ರ ಕ್ರಮವನ್ನು, ಎಂದರೆ ವಿಸ್ತೀರ್ಣವನ್ನು ಉಳಿಸುವ ಕ್ರಮವನ್ನು, ಕಂಡುಹಿಡಿದನು. ಮುಂದೆ ಫ್ರಾನ್ಸಿನ ತಿಸ್ಸೊ ಎಂಬ ಗಣಿತಜ್ಞನು ಈ ವಿಕಾರಗಳನ್ನು ಅಳೆಯುವ ಒಂದು ಸುಂದರವಾದ ಉಪಾಯವನ್ನು ಸೂಚಿಸಿದನು: ಗೋಳದ ಮೇಲೆ ಅಲ್ಲಲ್ಲಿ ಒಂದೇ ಅಳತೆಯ ಪುಟ್ಟ ವೃತ್ತಗಳನ್ನು ಬರೆದು ಅವು ಪಟದಲ್ಲಿ ಏನಾಗುತ್ತವೆಂದು ನೋಡುವುದು. ಮರ್ಕೇಟರನಲ್ಲಿ ಅವು ವೃತ್ತಗಳಾಗಿಯೇ ಉಳಿದು ಧ್ರುವದತ್ತ ಉಬ್ಬುತ್ತ ಹೋಗುತ್ತವೆ. ಲ್ಯಾಂಬರ್ಟನ ಉರುಳೆಯಲ್ಲಿ ವಿಸ್ತೀರ್ಣ ಕೆಡದೆ ಚಪ್ಪಟೆಯಾಗುತ್ತ ಹೋಗುತ್ತವೆ.

1855ರಲ್ಲಿ ಗ್ಲಾಸ್ಗೊ ನಗರದ ವಿಜ್ಞಾನಸಭೆಯೊಂದರಲ್ಲಿ ಜೇಮ್ಸ್ ಗಾಲ್ ಎಂಬ ಪಾದ್ರಿಯು ಉರುಳೆಯ ಕ್ರಮವನ್ನೇ ತಿದ್ದಿ, 45ನೆಯ ಅಕ್ಷಾಂಶದಲ್ಲಿ ಆಕಾರ ಸರಿಯಾಗಿರುವಂಥ ಸಮಕ್ಷೇತ್ರ ಪಟವೊಂದನ್ನು ಮಂಡಿಸಿದನು. ಕೇಳಿದವರು ಕೇಳಿ ಮರೆತರು. ನೂರಹದಿನೆಂಟು ವರ್ಷಗಳ ತರುವಾಯ, 1973ರಲ್ಲಿ, ಆರ್ನೊ ಪೀಟರ್ಸ್ ಎಂಬ ಜರ್ಮನ್ ಇತಿಹಾಸಕಾರನು ಬಾನ್ ನಗರದಲ್ಲಿ ಪತ್ರಕರ್ತರನ್ನು ಕರೆದು, ಬಡರಾಷ್ಟ್ರಗಳಿಗೆ ನ್ಯಾಯ ದೊರಕಿಸುವ ನೂತನ ಭೂಪಟವೆಂದು ಸಾರಿ ಮುಂದಿಟ್ಟದ್ದು ವಸ್ತುತಃ ಗಾಲನದೇ ಕ್ರಮವಾಗಿತ್ತು. ಭೂಪಟಶಾಸ್ತ್ರಜ್ಞರು ಕೆರಳಿದರು, ಚರ್ಚುಗಳೂ ಸೇವಾಸಂಸ್ಥೆಗಳೂ ಅದನ್ನು ಉತ್ಸಾಹದಿಂದ ಬರಮಾಡಿಕೊಂಡವು, ಬಡ ರಾಷ್ಟ್ರಗಳಿಗೂ ಸಿರಿವಂತ ರಾಷ್ಟ್ರಗಳಿಗೂ ನಡುವಣ ಅಂತರವನ್ನು ಕುರಿತ 1980ರ ಬ್ರಾಂಟ್ ಆಯೋಗದ ವರದಿಯ ಮುಖಪುಟವನ್ನೂ ಅದು ಏರಿತು. ಅದರ ಉದ್ದೇಶ ಸ್ತುತ್ಯವಾದದ್ದೇ. ಆದರೆ ಆ ಪಟದಲ್ಲಿ ಸಮಭಾಜಕವೃತ್ತದ ಬಳಿಯ ನೆಲವೆಲ್ಲ ಅಗಲಕ್ಕೆ ಇಮ್ಮಡಿಯಾಗಿ ಉದ್ದಕ್ಕೆ ಎಳೆಯಲ್ಪಟ್ಟು, ಆಫ್ರಿಕಾವು ಒಣಗಹಾಕಿದ ವಸ್ತ್ರದಂತೆ ಜೋತುಬಿದ್ದಿರುವುದನ್ನೂ, ಪೀಟರ್ಸನ ಸ್ವಂತ ಜರ್ಮನಿಯು 45ನೆಯ ಅಕ್ಷಾಂಶದ ನೆರೆಯಲ್ಲಿರುವುದರಿಂದ ಹೆಚ್ಚು ಕೆಡದೆ ಉಳಿದಿರುವುದನ್ನೂ ಕಂಡವರು ನ್ಯಾಯವು ಇಷ್ಟು ಅರೆಬರೆಯಾಗಿ ದೊರೆಯಬೇಕೆ ಎಂದು ಕೇಳಿದರೆ ತಪ್ಪೇನು? ಕರ್ನಾಟಕದ ಮೈಯಂತೂ ಅದರಲ್ಲಿ ಇಮ್ಮಡಿಗೆ ಸ್ವಲ್ಪವೇ ಕಡಮೆಯಾಗಿ ಲಂಬಿಸುತ್ತದೆ. ಹೀಗಿದ್ದರೂ ಒಂದು ಮಾತನ್ನು ಪೀಟರ್ಸನ ಪಕ್ಷವಾಗಿ ಹೇಳಲೇಬೇಕು: ಪಂಡಿತರು ತಮ್ಮ ತಮ್ಮೊಳಗೆ ಬಲ್ಲ ವಿಷಯವೊಂದನ್ನು ಸಾಮಾನ್ಯ ಓದುಗರ ಮನೆಯ ಜಗಲಿಗೆ ತಂದು ಕೂರಿಸಿದವನು ಅವನೇ.

ಆ ಗದ್ದಲದ ಫಲವಾಗಿಯೋ ಏನೋ, ಭೂಪಟಗಳ ಪ್ರಕಾಶಕರು ಯಾವ ಗುಣವನ್ನೂ ಪೂರ್ತಿ ಉಳಿಸದೆ, ಯಾವುದನ್ನೂ ಪೂರ್ತಿ ಕೆಡಿಸದೆ ರಾಜಿ ಮಾಡಿಕೊಳ್ಳುವ ಪ್ರಕ್ಷೇಪಗಳ ಕಡೆಗೆ ವಾಲಿದರು. ಅಮೆರಿಕದ ನ್ಯಾಷನಲ್ ಜಿಯೊಗ್ರಾಫಿಕ್ ಸಂಸ್ಥೆಯು 1988ರಲ್ಲಿ ರಾಬಿನ್ಸನ್ನನ ಕ್ರಮವನ್ನೂ 1998ರಲ್ಲಿ ವಿಂಕೆಲನ ಕ್ರಮವನ್ನೂ ಅಂಗೀಕರಿಸಿತು. 2018ರಲ್ಲಿ ಮೂವರು ಭೂಪಟತಜ್ಞರು ಕೂಡಿ ಈಕ್ವಲ್ ಅರ್ಥ್ ಎಂಬ ಹೊಸ ಸಮಕ್ಷೇತ್ರ ಪ್ರಕ್ಷೇಪವನ್ನು ರಚಿಸಿದರು. ಅದರಲ್ಲಿ ವಿಸ್ತೀರ್ಣಗಳು ಸರಿಯಾಗಿದ್ದು ಆಕಾರಗಳೂ ಕಣ್ಣಿಗೆ ಹಿಂಸೆಯಾಗದಷ್ಟು ನೆಟ್ಟಗಿವೆ. 2025ರಲ್ಲಿ ಆಫ್ರಿಕನ್ ಒಕ್ಕೂಟವು ಮರ್ಕೇಟರನ ಪಟವನ್ನು ಶಾಲೆಗಳಿಂದಲೂ ಸಂಸ್ಥೆಗಳಿಂದಲೂ ಬಿಡಿಸಬೇಕೆಂಬ ಚಳವಳಿಗೆ ಬೆಂಬಲ ಸೂಚಿಸಿದೆ.

ಗೋಡೆಯಿಂದ ಇಳಿಸಿದ ಮರ್ಕೇಟರನು ಈ ನಡುವೆ ನಮ್ಮ ಅಂಗೈಗೇ ಬಂದು ಕುಳಿತಿದ್ದಾನೆ. 2005ರಲ್ಲಿ ಆರಂಭವಾದ ಗೂಗಲ್ ಮ್ಯಾಪ್ಸ್ ಮೊದಲಾದವು ಅವನ ಕ್ರಮವನ್ನೇ, 85ನೆಯ ಅಕ್ಷಾಂಶದ ಆಚೆಯನ್ನು ಕತ್ತರಿಸಿ ಚೌಕವಾಗುವಂತೆ ಮಾಡಿಕೊಂಡು, ಬಳಸುತ್ತ ಬಂದವು. ಬೀದಿಗೆ ಬೀದಿ ಕೂಡುವ ಮೂಲೆಯು ಬಸವನಗುಡಿಯಲ್ಲಾಗಲಿ ನಾರ್ವೆಯ ಊರಿನಲ್ಲಾಗಲಿ ನೆಲದ ಮೇಲಿರುವ ಕೋನದಲ್ಲಿಯೇ ತೋರಬೇಕಾದರೆ ಕೋನ ಕೆಡಿಸದ ಪ್ರಕ್ಷೇಪವೇ ಬೇಕು. ನಾವಿಕನಿಗೆ ಅಂದು ಉಪಕರಿಸಿದ ಗುಣವೇ ಇಂದು ಆಟೋರಿಕ್ಷಾ ಚಾಲಕನಿಗೆ ಉಪಕರಿಸುತ್ತದೆ. 2018ರಿಂದ ಕಂಪ್ಯೂಟರಿನ ಪರದೆಯಲ್ಲಿ ದೂರ ಸರಿದು ನೋಡಿದಾಗ ಗೂಗಲ್ಲಿನ ಪಟವು ಗೋಳವಾಗಿ ಮಾರ್ಪಡುವಂತೆ ಮಾಡಿರುವುದು ಮೆಚ್ಚತಕ್ಕ ಏರ್ಪಾಡು.

ಗೋಳವನ್ನು ಮರೆತರೆ ಎಡವುವ ಇನ್ನೊಂದು ಉದಾಹರಣೆ ನಮ್ಮ ಬೆಂಗಳೂರಿಗೇ ಸೇರಿದ್ದು. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು, ಮಹಿಳೆಯರೇ ಚಾಲಕರಾಗಿ, ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊ​ರಟು ಉತ್ತರಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದಿಳಿಯಿತು. ಈ ಎರಡು ನಗರಗಳ ನಡುವಣ ನೇರ ದೂರ ಸುಮಾರು 14,000 ಕಿಲೋಮೀಟರು. ಮರ್ಕೇಟರನ ಪಟವನ್ನೇ ನಂಬಿದವನು ಪೆಸಿಫಿಕ್ ಸಾಗರಕ್ಕೆ ಅಡ್ಡಲಾಗಿ ಗೀಟೆಳೆದು ಇದೇ ಸಮೀಪವೆನ್ನುವನು. ಸಮೀಪದ ಹಾದಿಯು ಹಾಯ್ದುಹೋಗುವ ಧ್ರುವಪ್ರದೇಶವೇ ಅವನ ಹಾಳೆಯಲ್ಲಿಲ್ಲ. ನುನೆಶನು 1537ರಲ್ಲಿ ಮಾಡಿದ ವಿಭಾಗ, ದಿಕ್ಸೂಚಿಯ ಹಾದಿ ಬೇರೆ, ಹತ್ತಿರದ ಹಾದಿ ಬೇರೆ ಎಂಬುದು, ಇಲ್ಲಿ ಪ್ರತ್ಯಕ್ಷ.

ಒಂದು ರಾಜ್ಯದ, ಒಂದು ಜಿಲ್ಲೆಯ ಪಟಗಳಲ್ಲಿ ಗೋಳವನ್ನು ಚಪ್ಪಟೆಯಾಗಿಸುವುದರ ಈ ತೊಂದರೆ ಬಹುಮಟ್ಟಿಗೆ ಅಡಗಿಹೋಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಮೈಸೂರು ಸೀಮೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ನನ ಮನಸ್ಸಿನಲ್ಲಿ ಮೊಳೆತು, 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯನ್ನಳೆಯುವುದರೊಂದಿಗೆ ಮೊದಲಾಗಿ, 1804ರಲ್ಲಿ ಬೆಂಗಳೂರಿನ ಸಮೀಪದಲ್ಲಿ ಇನ್ನೊಂದು ಆಧಾರರೇಖೆಯನ್ನು ಪಡೆದ ತ್ರಿಕೋನ ಮೋಜಣಿಯು ಭೂಮಿಯ ಡುಬ್ಬನ್ನು ಲೆಕ್ಕಕ್ಕೆ ತೆಗೆದುಕೊಂಡೇ ನಡೆಯಿತು. ಸರ್ವೆ ಆಫ್ ಇಂಡಿಯಾದ ಹಾಳೆಗಳು ಹಲವು ಶಂಕುಗಳನ್ನಾಧರಿಸಿದ ಪಾಲಿಕೋನಿಕ್ ಪ್ರಕ್ಷೇಪದಲ್ಲಿ ರಚಿತವಾಗಿ, ಒಂದೊಂದು ಹಾಳೆಯಲ್ಲಿಯೂ ವಿಕಾರವು ಕಣ್ಣಿಗೆ ಬೀಳದಷ್ಟು ಅಲ್ಪವಾಗಿರುವಂತೆ ಮಾಡಿದವು. ಆದರೆ ದೇಶದುದ್ದಗಲದ ಹಾಳೆಗಳನ್ನೆಲ್ಲ ನೆಲದ ಮೇಲೆ ಹಾಸಿ ಸಂದಿಯಿಲ್ಲದಂತೆ ಜೋಡಿಸುತ್ತೇನೆಂದರೆ ಅವು ಒಪ್ಪವು.

ನಮ್ಮಲ್ಲಿ ಪಠ್ಯಪುಸ್ತಕಗಳನ್ನೂ ಗೋಡೆಯ ಪಟಗಳನ್ನೂ ಅಚ್ಚುಹಾಕಿಸುವವರಲ್ಲಿ ನನ್ನ ಬಿನ್ನಹ ಎರಡೇ. ಪ್ರಪಂಚದ ಪ್ರತಿಯೊಂದು ಭೂಪಟದ ಮೂಲೆಯಲ್ಲಿಯೂ ಅದು ಯಾವ ಪ್ರಕ್ಷೇಪದ್ದೆಂಬುದನ್ನು, ಅದರಲ್ಲಿ ವಿಸ್ತೀರ್ಣ ನಂಬತಕ್ಕದ್ದೋ ಅಲ್ಲವೋ ಎಂಬುದನ್ನು, ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಒಂದು ಸಾಲಾಗಿ ಮುದ್ರಿಸಬೇಕು. ಜನಸಂಖ್ಯೆ, ಬೆಳೆ, ಮಳೆ, ಕಾಡುಗಳಂಥ ನೆಲದ ಅಳತೆಗೆ ಸಂಬಂಧಪಟ್ಟ ಪಟಗಳನ್ನು ಸಮಕ್ಷೇತ್ರ ಪ್ರಕ್ಷೇಪದಲ್ಲಲ್ಲದೆ ಬೇರೆಯದರಲ್ಲಿ ಬರೆಸಬಾರದು. ಮೊದಲನೆಯದಕ್ಕೆ ಖರ್ಚೇ ಇಲ್ಲ. ಎರಡನೆಯದನ್ನು ಮುಂದಿನ ಮುದ್ರಣದಿಂದಲೇ ಆರಂಭಿಸಬಹುದು.